ಹಳೆಯ ಲಾರಿ ಮತ್ತು ತುಕ್ಕಿನ ಲೆಕ್ಕ

ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗಿರುವ ಹಳ್ಳಿಯೊಂದರ ಹಿತ್ತಲಿನಲ್ಲಿ, ಹುಣಸೆಯ ಮರದ ಕೆಳಗೆ ಒಂದು ಲಾರಿ ಇಪ್ಪತ್ತು ವರ್ಷಗಳಿಂದ ನಿಂತಿತ್ತು. ಮೂತಿಯನ್ನು ಮುಂದಕ್ಕೆ ಚಾಚಿದ ಹಳೆಯ ಮಾದರಿಯ ಲಾರಿ. ಬಾನೆಟ್ಟಿನ ಮೇಲೆ ಹುಣಸೆಯ ತರಗು ಗೇಣುದ್ದ ಕುಳಿತಿತ್ತು. ಮಡ್‌ಗಾರ್ಡಿನ ತೂತೊಂದರಿಂದ ತುಂಬೆಯ ಗಿಡ ತಲೆ ಹೊರಗಿಟ್ಟಿತ್ತು. ಒಂದು ಕಾಲದಲ್ಲಿ ಅದು ಚನ್ನಪಟ್ಟಣದ ತೆಂಗಿನಕಾಯಿಯನ್ನು ಬೆಂಗಳೂರಿಗೆ ಹೊತ್ತಿತ್ತು. ಕನಕಪುರದ ಕಡೆಯಿಂದ ಹೊಳೆಯ ಮರಳನ್ನು ತಂದಿತ್ತು. ಮುಂಗಾರಿನ ಹಂಗಾಮಿನಲ್ಲಿ ರಸಗೊಬ್ಬರದ ಚೀಲಗಳನ್ನು ಊರೂರಿಗೆ ಮುಟ್ಟಿಸಿತ್ತು.

ನಮ್ಮ ವಿದ್ಯಾರ್ಥಿಯೊಬ್ಬನ ತಾತನವರು ಅದರ ಒಡೆಯರು. ಅದನ್ನು ಓಡಿಸಿದವರೂ ಅವರೇ. ನಾವು ಅಲ್ಲಿಗೆ ಹೋದ ಮೊದಲ ದಿನ ಅವರು ಹೇಳಿದರು: “ಮೇಷ್ಟ್ರೇ, ಗುಜರಿಯವನು ತೂಕದ ಮೇಲೆ ಬೆಲೆ ಕಟ್ಟಿ ಹೋಗವ್ನೆ. ನಮ್ಮ ಹುಡುಗ ಮನೇಲೇ ರಿಪೇರಿ ಮಾಡಿ ಮತ್ತೆ ಬಾಡಿಗೆಗೆ ಬಿಡೋಣ ಅಂತಾನೆ. ಇದರಲ್ಲಿ ಇನ್ನೂ ಜೀವ ಐತೋ ಇಲ್ವೋ, ನೀವು ನೋಡಿ ಹೇಳಬೇಕು.”

ಲಾರಿಯ ಜೀವವನ್ನು ಅಳೆಯುವುದು ಹೇಗೆ? ಮೇಲಿನ ತುಕ್ಕನ್ನು ಕೆರೆದು ಎರಡು ಕೈ ಬಣ್ಣ ಬಳಿದರೆ ಎಂಥ ಲಾರಿಯೂ ವಾರದೊಳಗೆ ಹೊಸತಾಗಿ ಕಾಣುವುದು. ಆದರೆ ಅದರ ಮೇಲೆ ಹೊರೆ ಹೇರಿ ಮನುಷ್ಯನೊಬ್ಬನನ್ನು ಚಕ್ರದ ಮುಂದೆ ಕೂರಿಸುವುದಾದರೆ, ಬಣ್ಣದ ಕೆಳಗೆ ಎಷ್ಟು ಕಬ್ಬಿಣ ಉಳಿದಿದೆ, ಎಲ್ಲೆಲ್ಲಿ ಉಳಿದಿದೆ ಎಂಬುದು ತಿಳಿದಿರಲೇಬೇಕು. ಈ ಲೆಕ್ಕವನ್ನು ಹಾಕುವುದಕ್ಕಾಗಿ ನಾವೂ ನಾಲ್ವರು ವಿದ್ಯಾರ್ಥಿಗಳೂ ಒಂದು ಬೇಸಗೆಯ ಭಾನುವಾರಗಳನ್ನೆಲ್ಲ ಆ ಹುಣಸೆಯ ನೆರಳಿನಲ್ಲಿ ಕಳೆದೆವು. ಅಲ್ಲಿ ನಡೆದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಾರಿಯ ವಂಶ

ಭಾರತದಲ್ಲಿ ಮೋಟಾರು ವಾಹನಗಳ ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿ ಬಹಳವಾಗಿ ಶ್ರಮಿಸಿದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ತೆರೆಯುವ ಪ್ರಯತ್ನ ಕೈಗೂಡಲಿಲ್ಲ. 1944ರಲ್ಲಿ ವಾಲ್‌ಚಂದ್ ಹೀರಾಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಆರಂಭಿಸಿದರು. 1947ರಿಂದ ಅಲ್ಲಿ ಲಾರಿಗಳು ಹೊರಬಂದವು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್-ಬೆಂಜ್ ಲಾರಿಗಳ ತಯಾರಿಕೆ ಮೊದಲಾಯಿತು. ಮದರಾಸಿನ ಬಳಿಯ ಎಣ್ಣೂರಿನಲ್ಲಿದ್ದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮ ಕಡೆಯ ಹಿರಿಯ ಡ್ರೈವರುಗಳ ಬಾಯಲ್ಲಿ ಇಂದಿಗೂ ಕೇಳಿಬರುವ ಫಾರ್ಗೋ, ಬೆಡ್‌ಫರ್ಡ್, ಬೆಂಜ್, ಲೇಲ್ಯಾಂಡ್ ಎಂಬ ಹೆಸರುಗಳೆಲ್ಲ ಆ ಕಾಲದವು.

ಅಂಥ ಹಳೆಯ ವಾಹನಗಳನ್ನು ಜೀರ್ಣೋದ್ಧಾರ ಮಾಡಿ ಕಾಪಾಡುವವರು ನಮ್ಮ ನಾಡಿನಲ್ಲಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿಯೂ ಹಳೆಯ ಕಾರುಗಳು ಮಿರುಗುತ್ತ ನಿಂತಿರುವುದನ್ನು ನೋಡಬಹುದು. ಆದರೆ ಸಂಗ್ರಹಾಲಯದ ವಾಹನ ಹೊರೆ ಹೊರಬೇಕಾಗಿಲ್ಲ. ನಮ್ಮ ಹುಡುಗನ ಆಸೆ ಲಾರಿಯಿಂದ ದುಡಿಸುವುದು. ಈ ಭೇದವನ್ನು ಮುಂದೆ ನೆನಪಿಸಿಕೊಳ್ಳುವ ಸಂದರ್ಭ ಬರಲಿದೆ.

ಕಬ್ಬಿಣದ ತವರು

ತುಕ್ಕು ಎಂದರೇನು? ಇದನ್ನು ತಿಳಿಯಲು ಕಾಲ ಕೆಳಗಿನ ನೆಲವನ್ನು ನೋಡಿದರೆ ಸಾಕು. ರಾಮನಗರ, ಮಾಗಡಿಗಳ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಶಿಲೆಯವು. ರಾಮನಗರದ ಹಿಂದಿನ ಹೆಸರಿನಿಂದ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಹೆಸರು. ಇಲ್ಲಿಯ ಹೊಲಗಳ ಮಣ್ಣು ಕೆಂಪಗಿರುವುದಕ್ಕೆ ಕಾರಣ ಅದರಲ್ಲಿ ಬೆರೆತಿರುವ ಕಬ್ಬಿಣದ ಆಕ್ಸೈಡುಗಳು. ಲಾರಿಯ ಮೇಲಿದ್ದ ಕೆಂಪು ಪುಡಿಯೂ ಅದೇ ಮನೆತನದ್ದು. ಕಬ್ಬಿಣ, ಆಮ್ಲಜನಕ, ನೀರು ಇವು ಕೂಡಿದರೆ ತುಕ್ಕಾಗುವುದು.

ಭೂಮಿಯಲ್ಲಿ ಕಬ್ಬಿಣ ಹೆಚ್ಚಾಗಿ ಆಮ್ಲಜನಕದೊಡನೆ ಕೂಡಿಕೊಂಡೇ ದೊರೆಯುತ್ತದೆ. ಅದನ್ನು ಬಿಡಿಸಬೇಕಾದರೆ ಇದ್ದಿಲಿನೊಡನೆ ಕುಲುಮೆಯಲ್ಲಿ ಕಾಯಿಸಬೇಕು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಸುತ್ತಿನಲ್ಲಿ ಹೀಗೆ ಕಬ್ಬಿಣವನ್ನು ತೆಗೆಯುತ್ತಿದ್ದವರನ್ನು ಕಂಡು ಬರೆದಿದ್ದಾನೆ. ಚನ್ನಪಟ್ಟಣವಂತೂ ಅರಗಿನ ಬೊಂಬೆಗಳಿಗೆ ಮಾತ್ರವಲ್ಲದೆ, ವಾದ್ಯಗಳಿಗೆ ಬಿಗಿಯುವ ನಯವಾದ ಉಕ್ಕಿನ ತಂತಿಗಳಿಗೂ ಒಂದಾನೊಂದು ಕಾಲದಲ್ಲಿ ಹೆಸರಾಗಿತ್ತು.

ಒಂದು ಕಿಲೋಗ್ರಾಂ ಕಬ್ಬಿಣ ಆಮ್ಲಜನಕದೊಡನೆ ಪೂರ್ತಿ ಕೂಡಿಕೊಂಡರೆ ಸುಮಾರು 74 ಲಕ್ಷ ಜೂಲುಗಳಷ್ಟು ಶಕ್ತಿ ಹೊರಬರುತ್ತದೆ. ಅರ್ಧ ಕಿಲೋಗ್ರಾಂ ಒಣ ಸೌದೆ ಉರಿದರೆ ಬರುವಷ್ಟು ಶಾಖ ಇದು. ಸೌದೆ ಕೆಲವು ನಿಮಿಷಗಳಲ್ಲಿ ಉರಿದುಹೋಗುವುದರಿಂದ ನಮಗೆ ಬಿಸಿ ತಾಗುತ್ತದೆ. ಲಾರಿ ಇಪ್ಪತ್ತು ವರ್ಷಗಳ ಕಾಲ ಉರಿಯುವುದರಿಂದ ಯಾರ ಕೈಗೂ ಬಿಸಿ ಹತ್ತುವುದಿಲ್ಲ. ಕುಲುಮೆಯಲ್ಲಿ ಹಾಕಿದ ಶಕ್ತಿಯನ್ನು ಕಬ್ಬಿಣ ಹೀಗೆ ಮೆಲ್ಲಮೆಲ್ಲನೆ ಹಿಂದಕ್ಕೆ ಕೊಟ್ಟು, ತಾನು ಮಣ್ಣಾಗಿದ್ದ ಹಳೆಯ ಸ್ಥಿತಿಗೆ ಹಿಂದಿರುಗುವುದು. ಆದುದರಿಂದ ತುಕ್ಕು ಹಿಡಿಯುವುದು ಕಬ್ಬಿಣದ ಸಹಜ ಪ್ರವೃತ್ತಿ. ಅದನ್ನು ನಾವು ತಡೆದು ನಿಲ್ಲಿಸಬಲ್ಲೆವು. ಪೂರ್ತಿಯಾಗಿ ಇಲ್ಲದಂತೆ ಮಾಡಲಾರೆವು.

ಒಂದು ಹನಿಯೊಳಗಿನ ವಿದ್ಯುತ್ಕೋಶ

ಮೊದಲ ಭಾನುವಾರವೇ ಒಂದು ಸೋಜಿಗ ಕಾಣಿಸಿತು. ಬಿಸಿಲು, ಮಳೆಗಳಿಗೆ ನೇರವಾಗಿ ಒಡ್ಡಿಕೊಂಡಿದ್ದ ಬಾನೆಟ್ಟಿನ ನೆತ್ತಿ ಕೆಂಪಾಗಿದ್ದರೂ ಗಟ್ಟಿಯಾಗಿತ್ತು. ತರಗು ತುಂಬಿಕೊಂಡಿದ್ದ ಮೂಲೆಗಳಲ್ಲಿ, ಮಣ್ಣು ಮೆತ್ತಿಕೊಂಡಿದ್ದ ಮಡ್‌ಗಾರ್ಡಿನ ಒಳಮೈಯಲ್ಲಿ, ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದಿಗಳಲ್ಲಿ ಬೆರಳು ಒತ್ತಿದರೆ ತೂತಾಗುತ್ತಿತ್ತು. ಆಮ್ಲಜನಕ ಕೂಡಿದರೆ ತುಕ್ಕಾಗುವುದೆಂದ ಮೇಲೆ, ಗಾಳಿ ಚೆನ್ನಾಗಿ ಆಡುವ ಕಡೆ ಹೆಚ್ಚು ಕೆಡಬೇಕಲ್ಲವೆ? ಗಾಳಿಯೇ ಸುಳಿಯದ ಕಡೆ ಹೆಚ್ಚು ಕೆಟ್ಟಿದ್ದೇಕೆ?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಮಾಡಿದ ಸರಳವಾದ ಪ್ರಯೋಗವೊಂದು ಈ ಒಗಟನ್ನು ಬಿಡಿಸುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಯಾರೂ ಮಾಡಿ ನೋಡಬಹುದು. ಉಪ್ಪುಕಾಗದದಿಂದ ಉಜ್ಜಿ ಹೊಳಪಿಸಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿಯನ್ನು ಇಡಬೇಕು. ಆ ನೀರಿಗೆ ಮೊದಲೇ ಸ್ವಲ್ಪ ಫೀನಾಲ್ಫ್‌ಥಲೀನ್ ದ್ರಾವಣವನ್ನೂ ಪೊಟ್ಯಾಸಿಯಂ ಫೆರಿಸಯನೈಡನ್ನೂ ಸೇರಿಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ಗುಲಾಬಿಯೂ ಮೂಡುತ್ತವೆ. ನೀಲಿ ಬಂದಲ್ಲಿ ಕಬ್ಬಿಣ ಕರಗುತ್ತಿದೆಯೆಂದು ಅರ್ಥ. ಗುಲಾಬಿ ಬಂದಲ್ಲಿ ಕ್ಷಾರ ಹುಟ್ಟುತ್ತಿದೆಯೆಂದು ಅರ್ಥ.

ಇದರ ಒಳಮರ್ಮ ಹೀಗಿದೆ. ಹನಿಯ ಅಂಚಿನಲ್ಲಿ ನೀರು ತೆಳ್ಳಗಿರುವುದರಿಂದ ಅಲ್ಲಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲಪುತ್ತದೆ. ಅದು ತಗಡಿನಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು, ನೀರಿನೊಡನೆ ಸೇರಿ, ಕ್ಷಾರವಾಗುತ್ತದೆ. ಆ ಎಲೆಕ್ಟ್ರಾನುಗಳು ಬರಬೇಕಾದುದು ಎಲ್ಲಿಂದ? ಆಮ್ಲಜನಕದ ಬರವಿರುವ ಹನಿಯ ನಡುಭಾಗದಿಂದ. ಅಲ್ಲಿ ಪ್ರತಿಯೊಂದು ಕಬ್ಬಿಣದ ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಅಯಾನಾಗಿ ನೀರಿಗೆ ಇಳಿಯುವುದು. ಎಲೆಕ್ಟ್ರಾನುಗಳು ತಗಡಿನಲ್ಲಿಯೂ ಅಯಾನುಗಳು ನೀರಿನಲ್ಲಿಯೂ ಹರಿದು ಮಂಡಲ ಪೂರ್ಣವಾಗುತ್ತದೆ. ಹನಿಯೊಂದು ಪುಟ್ಟ ವಿದ್ಯುತ್ಕೋಶವಾಗಿಬಿಟ್ಟಿತು! ಆಮ್ಲಜನಕ ಕೆಲಸ ಮಾಡುವುದು ಒಂದು ಕಡೆ. ಕಬ್ಬಿಣ ಸವೆಯುವುದು ಇನ್ನೊಂದು ಕಡೆ.

ಲಾರಿಯ ಸಂದಿಗಳಲ್ಲಿ ನಡೆದಿದ್ದೂ ಇದೇ. ಮೆತ್ತಿದ ಒದ್ದೆ ಮಣ್ಣಿನ ಅಡಿ, ಕೂಡಿಸಿದ ತಗಡುಗಳ ನಡುವೆ ಆಮ್ಲಜನಕ ಕಡಿಮೆ. ಆದುದರಿಂದ ಸವೆತ ಅಲ್ಲಿ ಹೆಚ್ಚು. ಇದರೊಡನೆ ಇನ್ನೊಂದು ಕೇಡು ಸೇರಿತ್ತು. ರಸಗೊಬ್ಬರವೆಂದು ಮಾರುವ ಪೊಟ್ಯಾಷ್ ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡು. ಅಡುಗೆಯ ಉಪ್ಪಿನ ಸೋದರ. ಹರಿದ ಚೀಲಗಳಿಂದ ಚೆಲ್ಲಿದ ಪುಡಿ ಹಲಗೆಗಳ ಸಂದಿನಿಂದ ಚಾಸಿಯ ಮೇಲೆ ಬಿದ್ದು, ಮೇಲೆ ಹೇರಿದ ಹಸಿ ಮರಳಿನಿಂದ ಇಳಿದ ನೀರಿನಲ್ಲಿ ಕರಗಿ, ವಿದ್ಯುತ್ತು ಹರಿಯಲು ಒಳ್ಳೆಯ ಹಾದಿ ಮಾಡಿಕೊಟ್ಟಿತ್ತು. ತಾತನವರಿಗೆ ಇದನ್ನು ತಿಳಿಸಿದಾಗ ಅವರು ನಕ್ಕು, “ಲಾರಿ ತೊಳೆಯೋವಾಗ ಮೇಲುಗಡೆ ಮಾತ್ರ ತೊಳೀತಿದ್ವಿ” ಎಂದರು.

ಟಾರ್ಚಿನ ಬಲ್ಬಿನಷ್ಟು ಪ್ರವಾಹ

ತುಕ್ಕು ವಿದ್ಯುತ್ಕ್ರಿಯೆ ಎಂದ ಮೇಲೆ ಅದನ್ನು ಆಂಪಿಯರುಗಳಲ್ಲಿ ಲೆಕ್ಕ ಹಾಕಬಹುದು. ಫ್ಯಾರಡೆಯ ನಿಯಮದಂತೆ ಒಂದು ಆಂಪಿಯರು ಪ್ರವಾಹ ಒಂದು ವರ್ಷ ಸತತವಾಗಿ ಹರಿದರೆ ಸುಮಾರು 9.1 ಕಿಲೋಗ್ರಾಂ ಕಬ್ಬಿಣ ಕರಗುವುದು. ನಮ್ಮ ಲಾರಿಯ ಒಳಮೈ ಹೊರಮೈ ಎರಡನ್ನೂ ಸೇರಿಸಿ ತುಕ್ಕಿಗೆ ಸಿಕ್ಕ ಮೈ 40 ಚದರ ಮೀಟರು ಎಂದಿಟ್ಟುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿನಲ್ಲಿ ಆಂಪಿಯರಿನ ಹತ್ತು ಲಕ್ಷದ ಒಂದು ಭಾಗ ಮಾತ್ರ ಹರಿಯುತ್ತದೆಂದು ಭಾವಿಸೋಣ. ಒಟ್ಟು 0.4 ಆಂಪಿಯರು ಆಯಿತು. ಕೈಯಲ್ಲಿ ಹಿಡಿಯುವ ಟಾರ್ಚಿನ ಬಲ್ಬಿಗೆ ಬೇಕಾಗುವಷ್ಟು. ವರ್ಷಕ್ಕೆ ಮೂರೂವರೆ ಕಿಲೋಗ್ರಾಮಿಗೂ ತುಸು ಹೆಚ್ಚು. ಇಪ್ಪತ್ತು ವರ್ಷಗಳಿಗೆ 70 ಕಿಲೋಗ್ರಾಮಿಗೂ ಮಿಕ್ಕ ಕಬ್ಬಿಣ ಹೋಯಿತು. ಒಬ್ಬ ಮನುಷ್ಯನ ತೂಕದಷ್ಟು!

ಇದು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಿದ್ದರೆ ದಪ್ಪದಲ್ಲಿ ವರ್ಷಕ್ಕೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ ಸವೆಯುತ್ತಿತ್ತು. ಆ ಅಲ್ಪ ಸವೆತದ ಪರಿಣಾಮ ಕೂಡ ವಸ್ತುವಿನ ದಪ್ಪವನ್ನು ಅವಲಂಬಿಸುವುದು. ಚನ್ನಪಟ್ಟಣದ ವಾದ್ಯದ ತಂತಿಯನ್ನೇ ತೆಗೆದುಕೊಳ್ಳೋಣ. ಅರ್ಧ ಮಿಲಿಮೀಟರು ದಪ್ಪದ ತಂತಿಯ ಸುತ್ತಲೂ 0.1 ಮಿಲಿಮೀಟರು ಸವೆದರೆ ದಪ್ಪ 0.3 ಮಿಲಿಮೀಟರಿಗೆ ಇಳಿದು, ಅಡ್ಡಕೊಯ್ತದ ವಿಸ್ತಾರ ನೂರಕ್ಕೆ 36ರಷ್ಟು ಮಾತ್ರ ಉಳಿಯುವುದು. ಶ್ರುತಿ ಮಾಡಹೋದರೆ ತಂತಿ ಕಡಿಯುವುದು. 6 ಮಿಲಿಮೀಟರು ದಪ್ಪದ ಪಟ್ಟಿಯ ಎರಡೂ ಮೈಗಳಲ್ಲಿ ಅಷ್ಟೇ ಸವೆದರೆ 5.8 ಮಿಲಿಮೀಟರು ಉಳಿದಿರುತ್ತದೆ. ಒಂದು ಮಿಲಿಮೀಟರು ದಪ್ಪದ ಮಡ್‌ಗಾರ್ಡು ತೂತಾಗಿದ್ದರೂ ಚಾಸಿ ಗಟ್ಟಿಯಾಗಿರಬಹುದೆಂಬ ಆಸೆ ಹುಡುಗರಲ್ಲಿ ಮೂಡಿದ್ದು ಈ ಲೆಕ್ಕದಿಂದಲೇ.

ಹಿಡಿದುಕೊಂಡ ನಟ್ಟುಗಳು

ಲಾರಿಯನ್ನು ಬಿಚ್ಚತೊಡಗಿದಾಗ ನಟ್ಟುಗಳು ಅಲುಗಲಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಮೂರು ಪಾಲು ಹೆಚ್ಚುವುದರಿಂದ ನಟ್ಟು ಬೋಲ್ಟುಗಳ ಎಳೆಗಳ ನಡುವೆ ಅದು ಬೆಣೆಯಂತೆ ಕುಳಿತಿರುತ್ತದೆ. ಬಲ ಹಾಕಿ ತಿರುಗಿಸಿದರೆ ಬೋಲ್ಟೇ ಮುರಿಯುವುದು. ಆದುದರಿಂದ ಸೀಮೆಎಣ್ಣೆ ಬೆರೆಸಿದ ತೆಳ್ಳನೆಯ ಎಣ್ಣೆಯನ್ನು ಬಿಟ್ಟು ಒಂದು ವಾರ ಕಾದೆವು. ದ್ರವಗಳು ಸಣ್ಣ ಸಂದಿಯೊಳಕ್ಕೆ ತಾವಾಗಿಯೇ ಏರುತ್ತವೆ. ಸಂದಿ ಕಿರಿದಾದಷ್ಟೂ ಹೆಚ್ಚು ದೂರ ಏರುತ್ತವೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಸಂದಿಯಲ್ಲಿ ಎಣ್ಣೆ ಅರ್ಧ ಮೀಟರಿಗೂ ಹೆಚ್ಚು ಎತ್ತರಕ್ಕೆ, ನೀರು ಸುಮಾರು ಒಂದೂವರೆ ಮೀಟರಿನ ತನಕ ಏರಬಲ್ಲದೆಂದು ಸೂತ್ರ ಹೇಳುತ್ತದೆ. ಎಣ್ಣೆಯನ್ನು ನಟ್ಟಿನೊಳಕ್ಕೆ ಒಯ್ದ ಈ ಗುಣವೇ ನೀರನ್ನು ಚಾಸಿಯ ಸಂದಿಗಳೊಳಕ್ಕೆ ಒಯ್ದಿತ್ತೆಂಬುದನ್ನು ಮರೆಯಬಾರದು.

ಅದಕ್ಕೂ ಬಗ್ಗದ ನಟ್ಟುಗಳನ್ನು ಕಾಯಿಸಿದೆವು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದ 12 ಭಾಗಗಳಷ್ಟು ಹಿಗ್ಗುತ್ತದೆ. 20 ಮಿಲಿಮೀಟರು ತೂತಿನ ನಟ್ಟನ್ನು 200 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ತೂತು ಸುಮಾರು 0.05 ಮಿಲಿಮೀಟರು ಅಗಲವಾಗುವುದು. ಒಳಗಿನ ಬೋಲ್ಟು ಇನ್ನೂ ಕಾಯದಿರುವ ಆ ಕೆಲವು ಕ್ಷಣಗಳಲ್ಲಿ ತುಕ್ಕಿನ ಹಿಡಿತ ಬಿರಿಯುತ್ತದೆ. ಎಣ್ಣೆ ಹಾಕಿದ ಕಡೆ, ಡೀಸೆಲ್ ಟ್ಯಾಂಕಿನ ಹತ್ತಿರ ಬೆಂಕಿ ತೋರಲಿಲ್ಲ. ಬರಿದಾದ ಟ್ಯಾಂಕಿನಲ್ಲಿ ಉಳಿದಿರುವ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕರ. ಟ್ಯಾಂಕನ್ನು ಮೊದಲ ದಿನವೇ ಕಳಚಿ ದೂರ ಇರಿಸಿದ್ದೆವು.

ಎಂಜಿನ್ನಿನ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ನಿಲ್ಲಿಸುವ ಮುನ್ನ ತಾತನವರು ಹೊಗೆಯ ಕೊಳವೆಯ ಬಾಯಿಗೆ ಎಣ್ಣೆಬಟ್ಟೆ ತುರುಕಿದ್ದರು. ಸಿಲಿಂಡರುಗಳಿಗೆ ಎಣ್ಣೆ ಹಾಕಿ ಹದಿನೈದು ದಿನ ಬಿಟ್ಟು, ಫ್ಲೈವೀಲನ್ನು ಅತ್ತಿತ್ತ ಮೆಲ್ಲಗೆ ಆಡಿಸುತ್ತ ಹೋದಾಗ ಪಿಸ್ಟನ್ನುಗಳು ಬಿಟ್ಟುಕೊಂಡವು.

ಪೀಪಾಯಿಯಲ್ಲಿ ನಡೆದ ಪ್ರಯೋಗ

ಬಿಚ್ಚಿದ ಸಣ್ಣ ಭಾಗಗಳ ತುಕ್ಕನ್ನು ತೆಗೆಯಲು ಹಲವು ದಾರಿಗಳುಂಟು. ತಂತಿ ಬ್ರಷ್ಷಿನಿಂದ ಉಜ್ಜುವುದು ಒಂದು. ಆಮ್ಲದಲ್ಲಿ ನೆನೆಹಾಕುವುದು ಇನ್ನೊಂದು. ಹಿತ್ತಾಳೆ ಪಾತ್ರೆಯನ್ನು ಬೆಳಗುವ ಹುಣಸೆಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ಕಬ್ಬಿಣದ ತುಕ್ಕನ್ನೂ ಕರಗಿಸುತ್ತದೆ. ಮರದಡಿಯಲ್ಲಿ ಉದುರಿದ ಹುಣಸೆಯನ್ನೇ ನೆನೆಸಿ ಕೆಲವು ಬೋಲ್ಟುಗಳನ್ನು ಹುಡುಗರು ಬೆಳಗಿದರು. ಮೂರನೆಯ ದಾರಿ ವಿದ್ಯುತ್ತಿನದು.

ಪ್ಲಾಸ್ಟಿಕ್ ಪೀಪಾಯಿಯೊಂದರಲ್ಲಿ ನೀರು ತುಂಬಿ ವಾಷಿಂಗ್ ಸೋಡಾ ಕರಗಿಸಿದೆವು. ತುಕ್ಕು ಹಿಡಿದ ಭಾಗವನ್ನು ತಂತಿಯಿಂದ ತೂಗುಬಿಟ್ಟು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣಧ್ರುವಕ್ಕೆ ಸೇರಿಸಿದೆವು. ಮನೆ ಕಟ್ಟುವಾಗ ಉಳಿದ ಕಬ್ಬಿಣದ ಸರಳುಗಳನ್ನು ಧನಧ್ರುವಕ್ಕೆ ಸೇರಿಸಿದೆವು. ಹುಡುಗನೊಬ್ಬ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ತಂದಿದ್ದ, ಅದನ್ನು ಬೇಡವೆಂದೆವು. ಅದರಲ್ಲಿರುವ ಕ್ರೋಮಿಯಂ ವಿಷಕರವಾದ ರೂಪದಲ್ಲಿ ನೀರಿಗೆ ಇಳಿಯಬಹುದು. ಅಡುಗೆಯ ಉಪ್ಪನ್ನೂ ಹಾಕಬಾರದು. ಕ್ಲೋರಿನ್ ಅನಿಲ ಹುಟ್ಟುತ್ತದೆ.

ತುಕ್ಕು ಹಿಡಿಯುವಾಗ ಕಬ್ಬಿಣ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿತ್ತಷ್ಟೆ. ಇಲ್ಲಿ ಚಾರ್ಜರು ಅದಕ್ಕೆ ಎಲೆಕ್ಟ್ರಾನುಗಳನ್ನು ಒತ್ತಾಯದಿಂದ ಕೊಡುತ್ತದೆ. ಕೆಂಪು ತುಕ್ಕಿನ ಒಂದು ಪಾಲು ಕಪ್ಪು ಆಕ್ಸೈಡಾಗಿ ಮಾರ್ಪಡುವುದು. ಲೋಹದ ಮೈಯಿಂದ ಏಳುವ ಜಲಜನಕದ ಗುಳ್ಳೆಗಳು ಉಳಿದುದನ್ನು ಸಡಿಲಿಸುವುವು. ಮರುದಿನ ಹೊರತೆಗೆದು ಬ್ರಷ್ಷಿನಿಂದ ಒರೆಸಿದರೆ ಕಪ್ಪು ಮಸಿ ಜಾರಿ ಕೆಳಗೆ ಬೂದುಬಣ್ಣದ ಲೋಹ ಕಾಣುತ್ತಿತ್ತು. ಅದನ್ನು ಕಂಡು ಹುಡುಗನೊಬ್ಬ, “ಹೋದ ಕಬ್ಬಿಣ ತಿರುಗಿ ಬಂತು!” ಎಂದು ಕೂಗಿದ. ತಕ್ಕಡಿ ತರಿಸಿ ತೂಗಿಸಿದೆವು. ಭಾಗದ ತೂಕ ಮೊದಲಿಗಿಂತ ಕಡಿಮೆಯಾಗಿತ್ತು. ವಿದ್ಯುತ್ತು ತುಕ್ಕನ್ನು ಬಿಡಿಸಿತ್ತು. ತಿಂದುಹೋದ ಲೋಹವನ್ನು ಮರಳಿ ತಂದಿರಲಿಲ್ಲ. ಕುಳಿಗಳು ಇದ್ದಲ್ಲಿಯೇ ಇದ್ದವು.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕು. 5 ಆಂಪಿಯರು ಪ್ರವಾಹ ಒಂದು ಗಂಟೆ ಹರಿದರೆ ಎರಡು ಲೀಟರಿಗೂ ಮಿಕ್ಕು ಜಲಜನಕ ಉತ್ಪತ್ತಿಯಾಗುವುದು. ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಬೆರೆತರೂ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳುವುದು. ಇದನ್ನು ಪಾಠದಲ್ಲಿ ಹೇಳಿದ್ದ ನಾವು ಪೀಪಾಯಿಯ ಬಳಿ ಹೇಳಲು ಮರೆತೆವು. ಧೂಳು ಬೀಳದಿರಲೆಂದು ಯಾರೋ ಮೇಲೆ ಹಲಗೆ ಮುಚ್ಚಿದ್ದರು. ಹುಡುಗನೊಬ್ಬ ಚಾರ್ಜರನ್ನು ಆರಿಸದೆಯೇ ಹಲಗೆ ಸರಿಸಿ ಕ್ಲಿಪ್ಪನ್ನು ಎಳೆದ. ಕಿಡಿ ಹಾರಿತು, ಪಟಾಕಿಯಂತೆ ಸದ್ದಾಗಿ ಸೋಡಾ ನೀರು ಅವನ ಮುಖಕ್ಕೆ ಎರಚಿತು. ಕಣ್ಣಿಗೆ ಕನ್ನಡಕ ಹಾಕಿಸಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ಪೀಪಾಯಿಗೆ ಮುಚ್ಚಳವಿಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿದ ಮೇಲಲ್ಲದೆ ಕ್ಲಿಪ್ಪು ಮುಟ್ಟುವಂತಿಲ್ಲ. ಈ ಪ್ರಯೋಗವನ್ನು ಮಾಡಬಯಸುವವರು ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಗಾಳಿಯಾಡುವ ಬಯಲಿನಲ್ಲಿ ಮಾತ್ರ ಮಾಡಬೇಕು. ಸ್ಪ್ರಿಂಗು ಪಟ್ಟೆಗಳಂಥ ಗಡಸು ಉಕ್ಕಿನ ಭಾಗಗಳನ್ನು ಹೀಗೆ ಶುದ್ಧಿಮಾಡಬಾರದು. ಜಲಜನಕ ಒಳಹೊಕ್ಕು ಅವು ಪೆಡಸಾಗಿ ಮುರಿಯುವ ಸಂಭವವುಂಟು.

ಚಾಸಿಯ ತೀರ್ಪು

ಲಾರಿಯ ಬೆನ್ನೆಲುಬು ಚಾಸಿ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು. ಅವುಗಳ ನಡುವೆ ಅಡ್ಡಪಟ್ಟಿಗಳು. ಎಂಜಿನ್ನು, ಹೊರೆ, ಚಕ್ರಗಳ ಕುಲುಕಾಟ ಎಲ್ಲವನ್ನೂ ತಾಳುವುದು ಇದೇ. ಹಿಂದಿನ ಸ್ಪ್ರಿಂಗುಗಳನ್ನು ಕೂಡಿಸುವ ಕಡೆ ತೊಲೆಗೆ ಬಲ ಕೊಡಲು ಇನ್ನೊಂದು ಪಟ್ಟಿಯನ್ನು ರಿವೆಟ್ಟು ಬಡಿದು ಸೇರಿಸಿರುತ್ತಾರೆ. ನಮ್ಮ ಲಾರಿಯಲ್ಲಿ ಆ ಎರಡು ಪಟ್ಟಿಗಳು ರಿವೆಟ್ಟುಗಳ ನಡುನಡುವೆ ಪೂರಿಯಂತೆ ಉಬ್ಬಿದ್ದವು. ಒಳಗೆ ಹುಟ್ಟಿದ ತುಕ್ಕು ಜಾಗ ಸಾಲದೆ ಉಕ್ಕಿನ ಪಟ್ಟಿಗಳನ್ನೇ ಬಾಗಿಸಿತ್ತು. ಬಲಕ್ಕೆಂದು ಹಾಕಿದ ಪಟ್ಟಿಯೇ ನೀರು ನಿಲ್ಲಲು ಸಂದಿಯಾಗಿತ್ತು.

ಹೊರಗಿನಿಂದ ದಪ್ಪವನ್ನು ಅಳೆಯಲು ಸುತ್ತಿಗೆಯ ಸದ್ದು ಒಂದು ಉಪಾಯ: ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತಿಂದ ಉಕ್ಕು ಮಂಕಾಗಿ ‘ದಪ್ಪ್’ ಎನ್ನುತ್ತದೆ. ಸರಿಯಾದ ಅಳತೆಗೆ ಪರಿಚಿತರಿಂದ ಅಲ್ಟ್ರಾಸಾನಿಕ್ ಮಾಪಕವೊಂದನ್ನು ಎರವಲು ತಂದೆವು. ಕಿವಿಗೆ ಕೇಳಿಸದ ಶಬ್ದದ ಮಿಡಿತವನ್ನು ಅದು ಉಕ್ಕಿನೊಳಕ್ಕೆ ಕಳಿಸಿ, ಆಚೆಯ ಮೈಯಿಂದ ಪ್ರತಿಧ್ವನಿ ಬರುವ ಹೊತ್ತನ್ನು ಅಳೆಯುತ್ತದೆ. ಉಕ್ಕಿನಲ್ಲಿ ಈ ಶಬ್ದದ ವೇಗ ಸೆಕೆಂಡಿಗೆ ಸುಮಾರು 5900 ಮೀಟರು. 6 ಮಿಲಿಮೀಟರು ದಪ್ಪವಾದರೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗ ಸಾಕು.

ಮುಂಭಾಗದಲ್ಲಿ ಮಾಪಕ 5.7, 5.6 ಎಂದು ತೋರಿಸಿತು. ಹುಡುಗರ ಮುಖ ಅರಳಿತು. ಹಿಂದಿನ ಸ್ಪ್ರಿಂಗಿನ ಬಳಿಗೆ ಬಂದಾಗ 4.1, ಇನ್ನೊಂದು ಗೇಣು ಆಚೆಗೆ 3.4. ಎಡಗಡೆಯ ತೊಲೆಯಲ್ಲಿ ಒಂದು ಕಡೆ ಮಾಪಕ ಏನನ್ನೂ ತೋರಿಸಲಿಲ್ಲ. ಅಲ್ಲಿ ಉಳಿಯಿಟ್ಟು ಮೆಲ್ಲಗೆ ತಟ್ಟಿದಾಗ ಅದು ಒಳಗೆ ಹೋಯಿತು.

6 ಮಿಲಿಮೀಟರಿನ ಕಡೆ 3.4 ಉಳಿದರೆ ಅದೇ ಹೊರೆಗೆ ತೊಲೆಯಲ್ಲಿ ಹುಟ್ಟುವ ಒತ್ತಡ ಸರಿಸುಮಾರು ಒಂದೂಮುಕ್ಕಾಲು ಪಟ್ಟು ಆಗುವುದು. “ಅಷ್ಟನ್ನು ತಾಳಿಕೊಳ್ಳುವುದಿಲ್ಲವೆ?” ಎಂದು ಮೊಮ್ಮಗ ಕೇಳಿದ. ಒಂದು ಸಲ ತಾಳಿಕೊಳ್ಳಬಹುದು. ಆದರೆ ಲಾರಿಯ ತೊಲೆ ಪ್ರತಿಯೊಂದು ಹಳ್ಳಕ್ಕೂ ಉಬ್ಬಿಗೂ ಬಾಗಿ ಬಾಗಿ ಏಳುತ್ತದೆ. ಹೀಗೆ ಲಕ್ಷಾಂತರ ಸಲ ಬಾಗುವ ಉಕ್ಕು ದಣಿಯುತ್ತದೆ. ಒತ್ತಡ ಇಮ್ಮಡಿಯಾದರೆ ಅದರ ಆಯುಷ್ಯ ಎಂಟನೆಯ ಒಂದು ಭಾಗಕ್ಕೆ, ಕೆಲವು ಸಲ ಇನ್ನೂ ಕಡಿಮೆಗೆ ಇಳಿಯುವುದು. ತುಕ್ಕಿನ ಪ್ರತಿಯೊಂದು ಕುಳಿಯೂ ಬಿರುಕು ಮೊದಲಾಗಲು ಒಂದು ಬಾಗಿಲು. ಮೇಲೆ ಪಟ್ಟಿಯೊಂದನ್ನು ಬೆಸುಗೆ ಹಾಕಬಾರದೆ ಎಂದು ಅವನು ಮತ್ತೆ ಕೇಳಿದ. ತುಕ್ಕಿನ ಮೇಲೆ ಹಾಕಿದ ಪಟ್ಟಿ ಇನ್ನೊಂದು ಸಂದಿಯನ್ನು ಹುಟ್ಟಿಸುತ್ತದೆ. ತೆಳುವಾದ ಹಳೆಯ ಉಕ್ಕಿನಲ್ಲಿ ಬೆಸುಗೆಯ ಅಂಚೇ ಬಿರುಕಿನ ತಾಣವಾಗುವುದು. ತೊಲೆಯನ್ನೇ ಬದಲಿಸುವುದು ಮನೆಯ ಹಿತ್ತಲಿನಲ್ಲಿ ಆಗುವ ಕೆಲಸವಲ್ಲ. ಅದರ ಖರ್ಚಿಗೆ ಓಡುವ ಹಳೆಯ ಲಾರಿಯೇ ಬಂದೀತು.

ಆ ಹುಡುಗನ ಮುಖವನ್ನು ನೋಡುವುದು ನಮಗೆ ಕಷ್ಟವಾಯಿತು. ಎರಡು ತಿಂಗಳ ಶ್ರಮ. ಲಾರಿಯ ಬಾಡಿಗೆಯಿಂದ ತಂಗಿಯ ಕಾಲೇಜಿನ ಶುಲ್ಕ ಕಟ್ಟಬೇಕೆಂದು ಅವನು ಎಣಿಸಿಕೊಂಡಿದ್ದ. ತಾತನವರು ಮಾಪಕವನ್ನು ಕೈಯಲ್ಲಿ ಹಿಡಿದು, ಮುಂಭಾಗದಲ್ಲೊಮ್ಮೆ ಹಿಂಭಾಗದಲ್ಲೊಮ್ಮೆ ತಾವೇ ಇಟ್ಟು ಅಂಕೆಗಳನ್ನು ಓದಿಸಿಕೊಂಡರು. ತಮ್ಮ ಕಾಲದಲ್ಲಿ ಸಂಗಮದ ಇಳಿಜಾರಿನಲ್ಲಿ, ಹೊರೆ ತುಂಬಿದ ಲಾರಿಯೊಂದರ ಬೆನ್ನು ಮುರಿದುದನ್ನು ಕಣ್ಣಾರೆ ಕಂಡಿದ್ದಾಗಿ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಹೊರೆ ಬೇಡ ಕಣಪ್ಪ. ಎಫ್‌ಸಿ ಮಾಡೋರ ಕಣ್ಣಿಗೆ ಬಣ್ಣ ಬಳಿದು ತೋರಿಸಬಹುದು. ರಸ್ತೇಲಿ ಎದುರಿಗೆ ಬರೋ ಮಕ್ಕಳಿಗೆ ಏನು ತೋರಿಸ್ತೀಯಾ?” ಎಂದರು. ಅಲ್ಲಿಗೆ ತೀರ್ಮಾನವಾಯಿತು. ಲಾರಿಯನ್ನು ಗುಜರಿಗೆ ಕೊಡಲಿಲ್ಲ. ಎಂಜಿನ್ನು ನುಡಿಯುವಂತೆ ಮಾಡಿ, ಹಿತ್ತಲಿನ ಒಳಗೆ ಬರಿಮೈಯಲ್ಲಿ ಚಲಿಸುವಷ್ಟು ಸರಿಪಡಿಸಿ, ಇರುವ ಕಬ್ಬಿಣವನ್ನು ಕಾಪಾಡುವುದೆಂದು ಒಪ್ಪಿದೆವು.

ಅರಗಿನ ಪಾಠ

ಕಾಪಾಡುವ ವಿದ್ಯೆಯನ್ನು ಚನ್ನಪಟ್ಟಣದ ಕುಶಲಕರ್ಮಿಗಳಿಂದಲೇ ಕಲಿಯಬಹುದು. ಅವರು ಚೆನ್ನಾಗಿ ಒಣಗಿಸಿದ ಹಾಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸಿ, ನಯಮಾಡಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಅಂಟುತ್ತದೆ. ಹಸಿ ಮರಕ್ಕಾಗಲಿ ಧೂಳು ಹಿಡಿದ ಮರಕ್ಕಾಗಲಿ ಅರಗು ಸರಿಯಾಗಿ ಕೂರದು. ಕಬ್ಬಿಣದ ಬಣ್ಣವೂ ಹಾಗೆಯೇ. ಯಾವ ಬಣ್ಣವೂ ನೀರನ್ನೂ ಆಮ್ಲಜನಕವನ್ನೂ ಪೂರ್ತಿಯಾಗಿ ತಡೆಯಲಾರದು. ಅದು ಲೋಹಕ್ಕೆ ಎಡೆಬಿಡದೆ ಅಂಟಿಕೊಂಡಿದ್ದರೆ ಮಾತ್ರ ಹನಿ ನಿಲ್ಲಲು ಜಾಗ ದೊರೆಯುವುದಿಲ್ಲ. ಆದುದರಿಂದ ಬಳಿಯುವ ಕೆಲಸಕ್ಕೆ ಒಂದು ದಿನ, ಅದಕ್ಕೆ ಮುನ್ನ ತೊಳೆದು ಉಜ್ಜಿ ಒಣಗಿಸುವುದಕ್ಕೆ ಐದು ದಿನ ಹಿಡಿಯಿತು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟಾದುದರಿಂದ ನೀರು ಚಿಮುಕಿಸುತ್ತ, ಮೂಗು ಬಾಯಿಗೆ ಮುಸುಕು ಕಟ್ಟಿಕೊಂಡು ಉಜ್ಜಿದೆವು.

ಮೊದಲ ಲೇಪಕ್ಕೆ ಸತುವಿನ ಪುಡಿ ಬೆರೆತ ಬಣ್ಣವನ್ನು ಆರಿಸಿದೆವು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಬಣ್ಣಕ್ಕೆ ಗೀರು ಬಿದ್ದರೂ ಮೊದಲು ಸವೆಯುವುದು ಸತುವು, ಕಬ್ಬಿಣ ಉಳಿಯುವುದು. ಹಡಗುಗಳ ತಾಮ್ರದ ಹೊದಿಕೆಯನ್ನು ಹೀಗೆ ಬೇರೊಂದು ಲೋಹವನ್ನು ಬಲಿಗೊಟ್ಟು ಕಾಯಬಹುದೆಂದು ಹಂಫ್ರಿ ಡೇವಿ 1824ರಲ್ಲಿಯೇ ತೋರಿಸಿದ್ದನು. ರಾಮನಗರದ ಸಮೀಪದ ಬಿಡದಿಯಲ್ಲಿ ಕಾರುಗಳ ಕಾರ್ಖಾನೆ ಇರುವುದನ್ನು ವಾಚಕರು ಬಲ್ಲರು. ಇಂದಿನ ಕಾರು ಕಾರ್ಖಾನೆಗಳಲ್ಲಿ ಕಾರಿನ ಇಡೀ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ಅದನ್ನೇ ಋಣಧ್ರುವವನ್ನಾಗಿ ಮಾಡಿ ವಿದ್ಯುತ್ತು ಹರಿಸುತ್ತಾರೆ; ಕೈ ಹೋಗದ ಸಂದಿಗಳಿಗೂ ಬಣ್ಣ ಹೋಗಿ ಕೂರುತ್ತದೆ. ನಮ್ಮ ಪೀಪಾಯಿಯ ತತ್ತ್ವವೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ದುಡಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹೆಚ್ಚು ಫಲ ಕೊಟ್ಟುದು ಬಹು ಸಾಮಾನ್ಯವಾದ ಕೆಲಸಗಳು. ಬಾಗಿಲುಗಳ ಅಡಿಯಲ್ಲಿ ನೀರು ಇಳಿದುಹೋಗಲು ಇರುವ ತೂತುಗಳು ಮಣ್ಣಿನಿಂದ ಮುಚ್ಚಿದ್ದವು. ಅವನ್ನು ಕಡ್ಡಿಯಿಂದ ಬಿಡಿಸಿದೆವು. ಚಾಸಿಯ ಸಂದಿಗಳನ್ನು ಮೊದಲು ಸಿಹಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹೊಡೆದೆವು. ಲಾರಿಯನ್ನು ತರಗು ಉದುರುವ ಮರದಡಿಯಿಂದ ಸರಿಸಿ, ಸುತ್ತಲೂ ಗಾಳಿಯಾಡುವ ಚಪ್ಪರದ ಕೆಳಗೆ ಕಲ್ಲುಹಾಸಿನ ಮೇಲೆ ನಿಲ್ಲಿಸಲು ನೆಲವನ್ನು ಅಣಿಗೊಳಿಸಿದೆವು.

ಅಲ್ಲಿಗೆ ಅದನ್ನು ಓಡಿಸಿಕೊಂಡು ಹೋದವರು ತಾತನವರೇ. ಎಂಜಿನ್ನು ಎರಡು ಸಲ ಕೆಮ್ಮಿ, ಹಿತ್ತಲು ತುಂಬ ಹೊಗೆ ಬಿಟ್ಟು, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಹುಣಸೆಯ ಮರದಿಂದ ಚಪ್ಪರದವರೆಗೆ ನಲವತ್ತು ಹೆಜ್ಜೆ. ಅಷ್ಟು ದೂರವನ್ನು ಅವರು ಮೊದಲನೆಯ ಗೇರಿನಲ್ಲಿ, ಮೈಸೂರು ರಸ್ತೆಯಲ್ಲಿ ಹೋಗುತ್ತಿರುವವರಂತೆ ನೆಟ್ಟಗೆ ಕುಳಿತು, ಒಮ್ಮೆ ಹಾರನ್ ಹೊಡೆದು ಕ್ರಮಿಸಿದರು. ಇಳಿದು ಬಂದು ಹೆಗಲ ಟವೆಲಿನಿಂದ ಮಡ್‌ಗಾರ್ಡನ್ನು ಒರೆಸಿ, “ಜೀವ ಐತೆ ಮೇಷ್ಟ್ರೇ. ದುಡಿಯೋ ವಯಸ್ಸು ಮಾತ್ರ ಕಳೀತು” ಎಂದರು.

ವಾಚಕರೆಲ್ಲರ ಮನೆಯಲ್ಲಿ ಲಾರಿ ಇರಲಾರದು. ಸೈಕಲ್ಲು ಇರುತ್ತದೆ; ಕಬ್ಬಿಣದ ಗೇಟು, ನೀರಿನ ಪಂಪು, ನೇಗಿಲು ಇರುತ್ತವೆ. ಈ ಭಾನುವಾರ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮಡ್‌ಗಾರ್ಡಿನ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಮೆತ್ತಿದ ಮಣ್ಣು ಒದ್ದೆಯಾಗಿದ್ದರೆ ಅಲ್ಲೊಂದು ವಿದ್ಯುತ್ಕೋಶ ಕೆಲಸ ಮಾಡುತ್ತಿದೆ. ಅದನ್ನು ನಿಲ್ಲಿಸಲು ಒಂದು ಚೊಂಬು ನೀರು, ಒಂದು ಒಣಬಟ್ಟೆ, ಒಂದು ತೊಟ್ಟು ಎಣ್ಣೆ ಸಾಕು. ಇಪ್ಪತ್ತು ವರ್ಷಗಳ ನಂತರವಾದರೆ ಪೀಪಾಯಿ, ಚಾರ್ಜರು, ಮಾಪಕಗಳೆಲ್ಲ ಬೇಕಾಗುತ್ತವೆ. ಆಗಲೂ ಹೋದ ಕಬ್ಬಿಣ ಮರಳಿ ಬರುವುದಿಲ್ಲ.